ಬಾಸ್ ಇರಲಿ, ಮಾತೂ ಕೇಳಲಿ

ಹೆಡ್‌ಫೋನ್ ಕೊಳ್ಳೋದು ಅಂದ್ರೆ ಈಗ ಕನ್ಯಾ ನೋಡೋಕೆ ಹೋದಷ್ಟೇ ಕಷ್ಟದ ಕೆಲಸ. ಡಬ್ಬಿ ನೋಡಿದರೆ ಎಲ್ಲವೂ ಒಳ್ಳೆ ಮನೆತನದವೇ. ಒಂದರ ಮೇಲೆ 'ಎಕ್ಸ್‌ಟ್ರಾ ಬಾಸ್', ಇನ್ನೊಂದರ ಮೇಲೆ 'ಡೀಪ್ ಬಾಸ್', ಮತ್ತೊಂದರ ಮೇಲೆ 'ಕ್ರಿಸ್ಟಲ್ ಕ್ಲಿಯರ್'. ಎರಡೂ ಒಟ್ಟಿಗೆ ಇರೋದು ಯಾವುದು ಅಂತ ಕೇಳಿದರೆ ಅಂಗಡಿಯವರ ಉತ್ತರ ಒಂದೇ: "ಸರ್, ಇದು ಭಾಳ ಓಡಾಕತ್ತೈತ್ರಿ." ಓಡುತ್ತೆ ಸರಿ, ಹಾಡುತ್ತಾ?

ನಾನು ಗಜೇಂದ್ರಗಡದವನು. ನನ್ನ ಕೆಲಸ ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕು ತಿರುಗೋದು. ವಾರದಲ್ಲಿ ನಾಲ್ಕು ದಿನ ಬಸ್ಸು, ಉಳಿದ ದಿನ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ. ಅಂದ್ರೆ ದಿನಕ್ಕೆ ಮೂರ್ನಾಲ್ಕು ಗಂಟೆ ಕಿವಿಯಲ್ಲಿ ಏನೋ ಒಂದು ಇದ್ದೇ ಇರುತ್ತೆ. ಬಾಸ್ ಬೇಡ ಅನ್ನೋ ಜಾತಿ ನಾನಲ್ಲ. ಹೋಳಿ ಹುಣ್ಣಿಮೆಗೆ ಹಲಗೆ ಬಾರಿಸೋ ಊರಲ್ಲಿ ಬೆಳೆದವರಿಗೆ ಸಪ್ಪೆ ದನಿ ಒಗ್ಗೋದಿಲ್ಲ. ಡೊಳ್ಳಿನ ಏಟು ಕಿವಿಗೆ ಮುಟ್ಟಿದರೆ ಸಾಲದು, ಎದೆಗೂ ಮುಟ್ಟಬೇಕು. ಆದರೆ ಡೊಳ್ಳಿನ ಜೊತೆ ಹಾಡೋರು ಏನು ಹಾಡ್ತಿದಾರೆ ಅನ್ನೋದೂ ತಿಳೀಬೇಕಲ್ಲ! ನನ್ನ ಹುಡುಕಾಟ ಇಷ್ಟೇ.

ಮೊದಲು ಗಮನಕ್ಕೆ ಬಂದದ್ದು ಬಸ್ಸು. ನರಗುಂದದಿಂದ ಬರುವಾಗ ಬಸ್ಸಲ್ಲಿ ಅದ್ಭುತ ಅನಿಸಿದ ಹೆಡ್‌ಫೋನ್, ರಾತ್ರಿ ಮನೆಯಲ್ಲಿ ಹಾಕಿಕೊಂಡರೆ ಕೊಡದೊಳಗೆ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಅದೇ ಹಾಡು, ಅದೇ ಫೋನು. ಕಾರಣ ಸರಳ. ಬಸ್ಸಿನ ಎಂಜಿನ್ ಗುಡುಗುಡು ಅನ್ನೋದು ಕೆಳಸ್ತರದ ಸದ್ದು. ಅದು ಹಾಡಿನ ಬಾಸನ್ನು ನುಂಗಿ ಹಾಕುತ್ತೆ. ಹಾಗಾಗಿ ಬಾಸ್ ಜಾಸ್ತಿ ಇರೋ ಹೆಡ್‌ಫೋನ್ ಅಲ್ಲಿ ಸರಿಯಾಗಿದೆ ಅನಿಸುತ್ತೆ. ಎಂಜಿನ್ ಇಲ್ಲದ ಕೋಣೆಯಲ್ಲಿ ಆ ಹೆಚ್ಚುವರಿ ಬಾಸ್‌ಗೆ ತಿನ್ನೋಕೆ ಉಳಿಯೋದು ಹಾಡುಗಾರನ ದನಿ ಮಾತ್ರ. ಗದ್ದಲ ತಗ್ಗಿಸುವ 'ನಾಯ್ಸ್ ಕ್ಯಾನ್ಸಲೇಶನ್' ಇರೋ ಹೆಡ್‌ಫೋನ್‌ಗಳು ಒಂದೇ ಸಮನೆ ಬರೋ ಎಂಜಿನ್ ಸದ್ದನ್ನೇ ಚೆನ್ನಾಗಿ ಅಡಗಿಸೋದು. ಬಸ್ಸಲ್ಲಿ ಓಡಾಡೋರಿಗೆ ಬಾಸ್ ಹೆಚ್ಚಿಸೋದಕ್ಕಿಂತ ಅದೇ ಒಳ್ಳೇದು.

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತೆ. 250 ಹರ್ಟ್ಸ್‌ಗಿಂತ ಕೆಳಗಿನದು ಬಾಸ್. ಮಾತಿನ ಸ್ಪಷ್ಟತೆ ಹೆಚ್ಚಾಗಿ ಇರೋದು 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ. ಕ, ತ, ಸ, ಶ ಥರದ ವ್ಯಂಜನಗಳ ಗುರುತು ಸಿಗೋದು ಈ ಮೇಲಿನ ಭಾಗದಲ್ಲೇ. ಜೋರಾದ ಕೆಳಗಿನ ಸದ್ದು ತನಗಿಂತ ಮೇಲಿನ ಮೆಲು ಸದ್ದನ್ನು ಮುಚ್ಚಿಬಿಡುತ್ತೆ. ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚೋದಿಲ್ಲ. ಅದಕ್ಕೇ ಬಾಸ್ ಅತಿಯಾದರೆ ಮೊದಲು ಸಾಯೋದು ಸಾಹಿತ್ಯ.

ಹಾಗಂತ ಬಾಸೇ ಕಳ್ಳ ಅಲ್ಲ. ಹಾರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ ಮತ್ತು ಜೊತೆಗಾರರು 2010ರ ದಶಕದಲ್ಲಿ ಜನರನ್ನು ಕೂರಿಸಿ ಕೇಳಿಸಿ ನೋಡಿದಾಗ, ಹೆಚ್ಚಿನವರು ಒಪ್ಪಿದ್ದು ಹದವಾಗಿ ಬಾಸ್ ಏರಿಸಿದ ದನಿಯನ್ನೇ. ಪ್ರಶ್ನೆ ಇರೋದು ಏರಿಸಿದ್ದು ಎಲ್ಲಿ ಅನ್ನೋದು. ಸುಮಾರು 100 ಹರ್ಟ್ಸ್‌ಗಿಂತ ಕೆಳಗೆ ಏರಿಸಿದರೆ ಡೊಳ್ಳಿಗೆ ಮೈ ಬರುತ್ತೆ. ಆ ಏರು 200, 300ರವರೆಗೂ ಚೆಲ್ಲಿಕೊಂಡು ಬಂದರೆ ಗಂಡುದನಿಗೆ ಕಂಬಳಿ ಹೊದಿಸಿದ ಹಾಗಾಗುತ್ತೆ. ಅಗ್ಗದ 'ಎಕ್ಸ್‌ಟ್ರಾ ಬಾಸ್'ಗಳಲ್ಲಿ ನಾನು ಕೇಳಿದ್ದು ಬಹಳ ಸಲ ಈ ಕಂಬಳಿಯನ್ನೇ.

ಇದನ್ನು ಅಂಗಡಿಯಲ್ಲಿ ನಿಂತು ಐದು ನಿಮಿಷದಲ್ಲಿ ಪತ್ತೆ ಹಚ್ಚೋದು ಹೇಗೆ? ನನ್ನ ಉಪಾಯಕ್ಕೆ ರೋಣದ ಋಣ ಇದೆ.

ರೋಣ ಅಂದ ಕೂಡಲೇ ಸಂಗೀತ ಬಲ್ಲವರು ಕೈ ಮುಗೀತಾರೆ. 1922ರ ಫೆಬ್ರುವರಿ 4ರಂದು ಪಂಡಿತ್ ಭೀಮಸೇನ ಜೋಶಿ ಹುಟ್ಟಿದ್ದು ಅಲ್ಲಿ. ಹುಡುಗ ಭೀಮಸೇನ ಊರಲ್ಲಿ ವಾದ್ಯದ ಮೆರವಣಿಗೆ ಹೊರಟರೆ ಹಿಂದೆಯೇ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಗುರುರಾಜ ಜೋಶಿಯವರು ಮಗನ ಅಂಗಿ ಮೇಲೆ 'ಜೋಶಿ ಮಾಸ್ತರರ ಮಗ' ಅಂತ ಬರೆಸಿದ್ದರು ಅನ್ನೋ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮುಂದೆ ಉಸ್ತಾದ್ ಅಬ್ದುಲ್ ಕರೀಂ ಖಾನರ ಒಂದು ಠುಮರಿಯ ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಸುತ್ತಿ ಬಳಸಿ ಕೊನೆಗೆ ಸಿಕ್ಕ ಗುರು ನಮ್ಮ ಪಕ್ಕದ ಕುಂದಗೋಳದ ಸವಾಯಿ ಗಂಧರ್ವರು.

ಇಲ್ಲಿ ನನಗೆ ಸೋಜಿಗ ಅನ್ನಿಸೋದು ಆ ಧ್ವನಿಮುದ್ರಿಕೆ. ಆ ಕಾಲದ ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಮಗ್ಗುಲಿಗೆ ಮೂರ್ನಾಲ್ಕು ನಿಮಿಷದ ಹಾಡು, ಜೊತೆಗೆ ಕರಕರ ಸದ್ದು. ಬಾಸ್ ಅನ್ನೋದು ಅದರಲ್ಲಿ ಹೆಸರಿಗಷ್ಟೇ. ಆದರೂ ಒಬ್ಬ ಹುಡುಗನನ್ನು ಮನೆ ಬಿಡಿಸೋ ಶಕ್ತಿ ಅದಕ್ಕಿತ್ತು, ಯಾಕಂದ್ರೆ ದನಿ ದಾಟಿ ಬಂದಿತ್ತು. ಅದೇ 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಒಂದು ಪ್ರಬಂಧ ಪ್ರಕಟಿಸಿದರು. ಸದ್ದು ಮೆಲ್ಲಗಾದಂತೆ ನಮ್ಮ ಕಿವಿಗೆ ಬಾಸ್ ಉಳಿದದ್ದಕ್ಕಿಂತ ಬೇಗ ಕಾಣೆಯಾಗುತ್ತೆ ಅನ್ನೋದು ಅದರಿಂದ ಸ್ಪಷ್ಟವಾಯಿತು. ಅಂಗಡಿಯಲ್ಲಿ ವಾಲ್ಯೂಮ್ ಜೋರು ಮಾಡಿದಾಗ ಎಲ್ಲ ಹೆಡ್‌ಫೋನೂ ಚೆಂದ ಕೇಳೋದಕ್ಕೆ ಇದೂ ಒಂದು ಕಾರಣ. ಹಾಗಾಗಿ ಪರೀಕ್ಷೆ ಮಾಡೋದಾದರೆ ನೀವು ದಿನಾ ಕೇಳೋ ವಾಲ್ಯೂಮಿನಲ್ಲೇ ಮಾಡಿ.

ಪರೀಕ್ಷೆಗೆ ನಾನು ಹಚ್ಚೋದು ತಂಬೂರಿ. ನಗಬೇಡಿ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ: ಪಂಚಮ, ಎರಡು ಷಡ್ಜ, ಕೊನೆಗೆ ಕೆಳಗಿನ ಷಡ್ಜ, ಅಂದ್ರೆ ಖರಜ. ಗಂಡುದನಿಯ ತಂಬೂರಿಯಲ್ಲಿ ಈ ಖರಜ ಸುಮಾರು 65ರಿಂದ 70 ಹರ್ಟ್ಸ್, ಅಪ್ಪಟ ಬಾಸ್. ಅದೇ ತಂತಿಯ ಕೆಳಗೆ ಕುದುರೆಯ ಮೇಲೆ ಒಂದು ನೂಲಿನ ಎಳೆ ಇಟ್ಟಿರ್ತಾರೆ. ಅದರಿಂದ ತಂತಿ ಕುದುರೆಗೆ ಸವರಿಕೊಂಡು ನಡುಗಿ, ಜೇನುಹುಳದ ಹಾಗೆ ಝೇಂಕರಿಸುತ್ತೆ. ಆ ಝೇಂಕಾರದ ಎಳೆಗಳು ಸಾವಿರಾರು ಹರ್ಟ್ಸ್‌ವರೆಗೆ ಏರುತ್ತವೆ. ಇದಕ್ಕೆ ಜವಾರಿ ಅಂತಾರೆ. ನಮ್ಮ ಕಡೆ ಜವಾರಿ ಅಂದ್ರೆ ನಾಟಿ: ಜವಾರಿ ಕೋಳಿ, ಜವಾರಿ ಬದನೇಕಾಯಿ, ಜವಾರಿ ಮಾತು. ಎರಡೂ ಜವಾರಿಗೆ ಸಂಬಂಧ ಇದೆಯೋ ಇಲ್ಲವೋ, ರುಚಿ ಮಾತ್ರ ಒಂದೇ!

ಒಂದೇ ತಂತಿಯಲ್ಲಿ ತಳವೂ ಇದೆ, ತುದಿಯೂ ಇದೆ. ಖರಜ ಮೀಟಿದಾಗ ತಳ ತುಂಬಿ ಬಂದು, ಅದರ ಮೇಲೆ ಝೇಂಕಾರ ಬಿಡಿಬಿಡಿಯಾಗಿ ಅರಳಿದರೆ ಆ ಹೆಡ್‌ಫೋನ್ ಪಾಸ್. ಬರೀ 'ಗುಂಯ್' ಅಂದರೆ ಬಾಸ್ ಅತಿ. ಬರೀ 'ಝಿರ್' ಅಂದು ತಗಡು ಕೆರೆದ ಹಾಗಾದರೆ ತಳ ಇಲ್ಲ. ಆಮೇಲೆ ತಬಲಾ ಇರೋ ಒಂದು ದಾಸರ ಪದ ಹಚ್ಚಿ. ಎಡಗೈ ಡಗ್ಗಾ ಉರುಳುವಾಗ ಹಾಡಿನ ಅಕ್ಷರ ಮಸುಕಾಗುತ್ತಾ ನೋಡಿ. ಕೊನೆಗೆ ನಿಮಗಿಷ್ಟವಾದ ಹೊಸ ಸಿನಿಮಾ ಹಾಡು. ಮೂರಕ್ಕೂ ಐದು ನಿಮಿಷ ಸಾಕು.

ಈ ಪರೀಕ್ಷೆ ನನಗೆ ಶೋಕಿಗಿಂತ ದೊಡ್ಡದಾಗಿ ಕಂಡದ್ದು ನಮ್ಮಪ್ಪನಿಂದ.

ಅಪ್ಪ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಜೋಳ, ಗೋಧಿ, ಕಡ್ಲಿ, ಖಾರ, ಬೆಳಗಿಂದ ಸಂಜೆತನಕ ಬೆಲ್ಟಿನ ಸದ್ದು. ಭೀಮಸೇನ ಜೋಶಿಯವರ ದಾಸರ ಪದ ಅಂದರೆ ಪ್ರಾಣ. ಕಳೆದ ವರ್ಷ ಒಂದು ಸಂಜೆ ನನ್ನ ಆಗಿನ ದಪ್ಪ ಬಾಸಿನ ಹೆಡ್‌ಫೋನ್ ಅವರಿಗೆ ಹಾಕಿ ಒಂದು ಪದ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಎರಡು ನಿಮಿಷಕ್ಕೆ ತೆಗೆದು ಕೈಗೆ ಕೊಟ್ಟರು.

"ಧ್ವನಿ ಬರ್ತೈತಿ ತಮ್ಮಾ, ಅಕ್ಷರ ಬರವಲ್ದು."

"ಜೋರು ಮಾಡ್ಲೇನ್ರಿ ಅಪ್ಪಾ?"

"ಜೋರು ಬ್ಯಾಡ. ಜೋರು ಮಾಡಿದ್ರ ಗುಂಯ್‌ಗುಡೂದು ಜೋರಾಗ್ತೈತಿ ಅಷ್ಟ."

ಫೋನಿನ ಈಕ್ವಲೈಸರ್ ತೆಗೆದು ಬಾಸ್ ಕಡೆಯ ಗುಂಡಿ ಇಳಿಸಿ, 2,000–4,000 ಹರ್ಟ್ಸ್ ಕಡೆಯದನ್ನು ಚೂರು ಏರಿಸಿದೆ. ಅಪ್ಪನ ತುಟಿ ಹಾಡಿನ ಜೊತೆ ಅಲ್ಲಾಡಿತು. ಅವ್ವ ಒಳಗಿಂದ ಬಂದು ನಿಂತು ನೋಡಿದಳು. "ಮೊನ್ನಿಂದ ನಾ ಏನ್ ಹೇಳಿದ್ರೂ 'ಆಂ?' ಅಂತಾರ. ನನ್ನ ಮಾತಿಗೂ ಹಂಗ ಒಂದು ಗುಂಡಿ ಇದ್ರ ಒತ್ತಪಾ" ಅಂದಳು. ನಕ್ಕೆವು. ಆದರೆ ಆ ಮಾತು ತಲೆಯಲ್ಲಿ ಉಳಿಯಿತು.

ಅದೇ ತಿಂಗಳು ಹುಬ್ಬಳ್ಳಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆವು. ಹಾಳೆಯ ಮೇಲಿನ ಗೆರೆ ಕೆಳಸ್ತರದಲ್ಲಿ ಸುಮಾರಾಗಿ ಸರಿಯಿತ್ತು. 4,000 ಹರ್ಟ್ಸ್ ಹತ್ತಿರ ಮಾತ್ರ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಸೋಲೋದು ಅಲ್ಲೇ, ವಯಸ್ಸಾದಂತೆ ಮೇಲಿನ ಸ್ವರಗಳೂ ಹೋಗುತ್ತವೆ ಅಂತ ವೈದ್ಯರು ವಿವರಿಸಿದರು. ಒಳಗಿವಿಯ ಕೂದಲಿನಂಥ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ಅದಕ್ಕೇ ಇಂಥವರು "ಕೇಳ್ಸತೈತಿ, ತಿಳಿವಲ್ದು" ಅನ್ನೋದು. ನಾವು ಅದನ್ನು ಲಕ್ಷ್ಯ ಇಲ್ಲ ಅಂತ ತಿಳೀತೀವಿ.

ಶ್ರವಣ ಸಾಧನಕ್ಕೆ ಅಪ್ಪ ಇನ್ನೂ ಪೂರ್ತಿ ಒಗ್ಗಿಲ್ಲ. ಬ್ಯಾಂಕಿಗೆ, ಮದುವೆಗೆ ಹೋಗುವಾಗ ಹಾಕ್ತಾರೆ, ಕಟ್ಟೆ ಮೇಲೆ ಗೆಳೆಯರ ಜೊತೆ ಕೂರುವಾಗ ತೆಗೆದು ಕಿಸೆಗೆ ಹಾಕ್ತಾರೆ. "ಮಂದಿ ಏನಂತಾರ" ಅನ್ನೋ ಪ್ರಶ್ನೆಗೆ ಯಾವ ಈಕ್ವಲೈಸರೂ ಇಲ್ಲ ನೋಡಿ. ಚಷ್ಮಾ ಹಾಕೋಕೆ ಇಲ್ಲದ ನಾಚಿಕೆ ಇದಕ್ಕೆ ಯಾಕೆ ಅಂತ ಅವ್ವ ದಿನಾ ಕೇಳ್ತಾಳೆ.

ಆ ಹಾಳೆ ನೋಡಿದ ಮೇಲೆ ನನ್ನ ಹುಡುಕಾಟದ ಅರ್ಥ ಬದಲಾಯಿತು. ಅಪ್ಪನದು ಹೊಟ್ಟೆಪಾಡಿನ ಗದ್ದಲ. ನಮ್ಮದು ದುಡ್ಡು ಕೊಟ್ಟು ಕಿವಿಯೊಳಗೇ ಇಟ್ಟುಕೊಳ್ಳೋ ಗದ್ದಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಹತ್ತೇ ಡೆಸಿಬೆಲ್ ಏರಿದರೆ ಸಮಯ ಹತ್ತರಲ್ಲಿ ಒಂದು ಪಾಲು! ಅಕ್ಷರ ಕೇಳದ ಹೆಡ್‌ಫೋನ್ ಹಾಕಿಕೊಂಡವರು ಅಕ್ಷರಕ್ಕಾಗಿ ವಾಲ್ಯೂಮ್ ಏರಿಸ್ತಾರೆ. ಸ್ಪಷ್ಟ ದನಿಯ ಹೆಡ್‌ಫೋನ್ ಕಡಿಮೆ ವಾಲ್ಯೂಮಿನಲ್ಲೇ ಕೆಲಸ ಮುಗಿಸುತ್ತೆ. ಬಾಸ್ ಮತ್ತು ಸ್ಪಷ್ಟತೆಯ ಹದ ಅಂದರೆ ನಿಜಕ್ಕೂ ಇದೇ.

ಕೊಳ್ಳೋ ಯೋಚನೆ ಇರೋರಿಗೆ ನಾನು ಕಲಿತ ನಾಲ್ಕು ಮಾತು. ಒಂದು, ಕಿವಿಯೊಳಗೆ ಕೂರೋ ಇಯರ್‌ಫೋನ್ ಆದರೆ ಡಬ್ಬಿಯಲ್ಲಿ ಬರೋ ಮೂರೂ ಅಳತೆಯ ರಬ್ಬರ್ ತುದಿ ಹಾಕಿ ನೋಡಿ. ಸಂದು ಬಿಟ್ಟರೆ ಮೊದಲು ಸೋರಿ ಹೋಗೋದು ಬಾಸ್. ನೂರಾರು ರೂಪಾಯಿಯ ಹೊಸ ಇಯರ್‌ಫೋನ್ ಬದಲು ತುದಿ ಬದಲಿಸಿದರೇ ಸಾಕಾದೀತು. ಎರಡು, ಆ್ಯಪಿನಲ್ಲಿ ಬಾಸ್ ಏರಿಳಿಸೋ ಅನುಕೂಲ ಇರೋದನ್ನು ಆರಿಸಿ, ಬಸ್ಸಿಗೊಂದು ಹದ, ಮನೆಗೊಂದು ಹದ ಇಟ್ಟುಕೊಳ್ಳಿ. ಮೂರು, ಆಫೀಸ್ ಕಾಲ್ ಶುರುವಾದ ಕೂಡಲೇ ಬ್ಲೂಟೂತ್‌ನಲ್ಲಿ ದನಿ ಪೇಲವ ಆಗುತ್ತೆ. ಮೈಕ್ ಚಾಲೂ ಆದಾಗ ಹಳೇ ಕಾಲ್ ಪದ್ಧತಿಗೆ ಇಳಿಯೋ ಕಾರಣ ಹಾಗಾಗುತ್ತೆ, ಹೆಡ್‌ಫೋನ್ ಕೆಟ್ಟಿರೋದಿಲ್ಲ. ಮೀಟಿಂಗ್ ಜಾಸ್ತಿ ಇದ್ದರೆ ಲ್ಯಾಪ್‌ಟಾಪಿನ ಮೈಕ್ ಬಳಸಿ. ನಾಲ್ಕು, ಡ್ರೈವರ್ ಎಷ್ಟು ಮಿಲಿಮೀಟರ್ ದೊಡ್ಡದು ಅನ್ನೋದಕ್ಕೆ ಮರುಳಾಗಬೇಡಿ. ದೊಡ್ಡ ಡೊಳ್ಳು ತಂದ ಮಾತ್ರಕ್ಕೆ ತಾಳ ಬರೋದಿಲ್ಲ.

ನಾನು ಕೊನೆಗೆ ಕೊಂಡದ್ದು ಹೆಸರುವಾಸಿ ಅಲ್ಲದ, ಎರಡು ಸಾವಿರದೊಳಗಿನ ಒಂದು ತಂತಿ ಇಯರ್‌ಫೋನ್. ಹಲಗೆ ಎದೆಗೆ ಮುಟ್ಟುತ್ತೆ, ಜವಾರಿ ಕಿವಿಗೆ ಮುಟ್ಟುತ್ತೆ. ಮನೆಯಲ್ಲಿ ವಯಸ್ಸಾದವರು ಎರಡೆರಡು ಸಲ 'ಆಂ?' ಅನ್ನುತ್ತಿದ್ದರೆ ಮಾತ್ರ, ಹೆಡ್‌ಫೋನ್ ಅಂಗಡಿಗೆ ಹೋಗೋ ಮೊದಲು ಅವರನ್ನು ಒಮ್ಮೆ ಕಿವಿ ಪರೀಕ್ಷೆಗೆ ಕರ್ಕೊಂಡು ಹೋಗಿ. ಅವರಿಗೆ ಅಕ್ಷರ ಬರ್ತಿದೆಯೋ ಬರೀ ಧ್ವನಿಯೋ ಅಂತ ಯಾರಾದರೂ ಕೇಳೋವರೆಗೂ ಅವರಾಗಿ ಹೇಳೋದಿಲ್ಲ.