ನಮ್ಮ ಎರೆ ಹೊಲ, ಅವರ ಕಲ್ಲುಗುಡ್ಡೆ

ಮಾರಿಷಸ್‌ಗೆ ಹೋಗಿ ಬಂದವರ ಫೋಟೋಗಳಲ್ಲಿ ನೀಲಿ ಸಮುದ್ರ, ಬಿಳಿ ಮರಳು, ತೆಂಗಿನ ಮರ ಇಷ್ಟೇ ಕಾಣುತ್ತೆ. ನಾನು, ನನ್ನ ಹೆಂಡತಿ ಇಬ್ಬರೂ ಅದನ್ನೇ ನೋಡೋಣ ಅಂತ ಆಫೀಸಿಗೆ ಒಂದು ವಾರ ರಜೆ ಹಾಕಿ ಹೊರಟವರು. ಆದರೆ ಬಿಳಿ ಮರಳು ಇರೋದು ದ್ವೀಪದ ಅಂಚಿನಲ್ಲಿ ಮಾತ್ರ. ಸ್ವಲ್ಪ ಒಳಗೆ ಬಂದರೆ ಎಲ್ಲೆಲ್ಲೂ ಕಪ್ಪು ಕಲ್ಲು. ಮನೆ ಕಾಂಪೌಂಡು, ಹಳೇ ಚರ್ಚು, ಸಕ್ಕರೆ ಕಾರ್ಖಾನೆಯ ಚಿಮಣಿ ಎಲ್ಲಾ ಅದರದ್ದೇ.

ಆ ಕಲ್ಲು ನನಗೆ ಹೊಸದಲ್ಲ. ನನ್ನದು ವಿಜಯಪುರ ಜಿಲ್ಲೆ. ನಮ್ಮೂರ ಬಾವಿ ಕಟ್ಟಿದ್ದು ಅದೇ ಜಾತಿಯ ಕಲ್ಲಲ್ಲಿ, ಗೋಳಗುಮ್ಮಟ ಎದ್ದು ನಿಂತಿದ್ದೂ ಅದರಲ್ಲೇ. ಹೆಸರು ಬಸಾಲ್ಟ್. ಲಾವಾ ಹರಿದು, ತಣ್ಣಗಾಗಿ ಗಟ್ಟಿಯಾದ ಕಲ್ಲು. ಹೋಲಿಕೆ ಅಷ್ಟಕ್ಕೇ ನಿಲ್ಲೋದಿಲ್ಲ. ಭೂವಿಜ್ಞಾನಿಗಳ ವಿವರಣೆ ಪ್ರಕಾರ, ಮಾರಿಷಸ್ಸನ್ನೂ ನಮ್ಮ ಎರೆ ಸೀಮೆಯನ್ನೂ ಮಾಡಿದ ಬೆಂಕಿ ಒಂದೇ.

ಹಪ್ಪಳವನ್ನು ಗ್ಯಾಸ್ ಉರಿ ಮೇಲೆ ಹಿಡಿದು ನಿಧಾನವಾಗಿ ಎಳೆದು ನೋಡಿ. ಉರಿ ಇದ್ದಲ್ಲೇ ಇರುತ್ತೆ, ಹಪ್ಪಳದ ಮೇಲೆ ಮಾತ್ರ ಸಾಲಾಗಿ ಕಪ್ಪು ಕಲೆ ಬೀಳುತ್ತಾ ಹೋಗುತ್ತೆ. ಭೂಮಿಯ ಒಳಗೂ ಅಂಥ ಉರಿಗಳಿವೆ, 'ಹಾಟ್‌ಸ್ಪಾಟ್' ಅಂತಾರೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಅಂಥದೊಂದು ಉರಿಯ ಮೇಲೆ ಭಾರತದ ಪಶ್ಚಿಮ ಭಾಗ ಬಂದಿತ್ತು. ಆಗ ಉಕ್ಕಿ ಹರಿದ ಲಾವಾ ಪದರ ಪದರವಾಗಿ ಕೂತದ್ದೇ ಡೆಕ್ಕನ್ ಟ್ರ್ಯಾಪ್. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಮಹಾರಾಷ್ಟ್ರದ ಬಹುಪಾಲು ಅದರ ಮೇಲೇ ಇದೆ. ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಗೂ ಅದರ ಸೆರಗು ಚಾಚಿದೆ.

ಆಮೇಲೆ ಮೇಲಿನ ಭೂಫಲಕಗಳು ಉತ್ತರದ ಕಡೆ ಸರಿಯುತ್ತಾ ಹೋದವು. ಕೆಳಗಿನ ಉರಿ ಮಾತ್ರ ಕಲೆ ಬಿಡುತ್ತಾ ಹೋಯ್ತು. ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ತಳದಲ್ಲಿರೋ ಬಸಾಲ್ಟ್, ಚಾಗೋಸ್, ಆಮೇಲೆ ಮಾರಿಷಸ್. ಈಗ ಆ ಉರಿ ಇರೋದು ಪಕ್ಕದ ಫ್ರೆಂಚ್ ದ್ವೀಪ ರಿಯೂನಿಯನ್ ಕೆಳಗೆ. ಅಲ್ಲಿನ ಪಿತೋಂ ದ ಲಾ ಫುರ್ನೇಸ್ ಜಗತ್ತಿನಲ್ಲೇ ಅತಿ ಚಟುವಟಿಕೆಯ ಜ್ವಾಲಾಮುಖಿಗಳಲ್ಲಿ ಒಂದು.

ಮಾರಿಷಸ್ ಸಮುದ್ರದಿಂದ ತಲೆ ಎತ್ತಿ ಸುಮಾರು 80 ಲಕ್ಷ ವರ್ಷ ಆಗಿರಬಹುದು. ಒಂದೇ ಸಲಕ್ಕೆ ಆದ ದ್ವೀಪ ಅಲ್ಲ ಇದು. ಮೊದಲ ಹಂತದಲ್ಲಿ ದೊಡ್ಡ ಜ್ವಾಲಾಮುಖಿ ಎದ್ದು, ಸವೆದು, ನಡುವೆ ಲಕ್ಷಾಂತರ ವರ್ಷ ಸುಮ್ಮನಿದ್ದು, ಮತ್ತೆ ಎರಡು ಹಂತದಲ್ಲಿ ಲಾವಾ ಹರಿದಿದೆ. ಈಗ ಕಾಣೋ ಚೂಪು ಬೆಟ್ಟಗಳು ಆ ಮೊದಲ ಜ್ವಾಲಾಮುಖಿಯ ಉಳಿಕೆ. ಅತಿ ಎತ್ತರದ ಶಿಖರವೂ 828 ಮೀಟರ್ ಅಷ್ಟೆ. ನಡುವಿನ ಬಯಲೆಲ್ಲ ಆಮೇಲಿನ ಲಾವಾ. ಕೊನೆಯ ಸಲ ಹರಿದು ಹತ್ತಾರು ಸಾವಿರ ವರ್ಷ ಆಗಿದೆ.

ಇದನ್ನು ಕಣ್ಣಾರೆ ನೋಡಬೇಕಂದ್ರೆ ಕ್ಯೂರ್‌ಪಿಪ್ ಊರಿನ ಟ್ರೂ ಓ ಸೆರ್ಫ್‌ಗೆ ಹೋಗಬೇಕು. ಊರಿನ ಮಧ್ಯದಲ್ಲೇ ಜ್ವಾಲಾಮುಖಿಯ ಬಾಯಿ! ಸುಮಾರು 80 ಮೀಟರ್ ಆಳದ ಬಟ್ಟಲು, ಒಳಗೆಲ್ಲ ಗಿಡಮರ, ತಳದಲ್ಲಿ ಒಂದಿಷ್ಟು ನೀರು. ಸುತ್ತಲಿನ ರಸ್ತೆಯಲ್ಲಿ ಜನ ಟ್ರ್ಯಾಕ್‌ಸೂಟ್ ಹಾಕ್ಕೊಂಡು ವಾಕಿಂಗ್ ಮಾಡ್ತಿರ್ತಾರೆ, ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮಾಡೋ ಹಾಗೇನೇ. ಶಿವರಾತ್ರಿಗೆ ಲಕ್ಷಾಂತರ ಜನ ಕಾವಡಿ ಹೊತ್ತು ನಡೆದು ಬರೋ ಗಂಗಾ ತಲಾವ್ ಕೂಡ ಇಂಥದೇ ಬಾಯಲ್ಲಿ ನಿಂತ ಕೆರೆ. ಶಾಮರೆಲ್‌ನ ಏಳು ಬಣ್ಣದ ಮಣ್ಣೂ ಬಸಾಲ್ಟೇ. ಕೊಳೆತು ಜೇಡಿಯಾಗಿ, ಸಿಲಿಕಾ ಮಳೆಯಲ್ಲಿ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದದ್ದಕ್ಕೆ ಆ ಬಣ್ಣ.

ಇಷ್ಟೂ ಟೂರಿಸ್ಟ್ ಪಟ್ಟಿಯಲ್ಲಿರುತ್ತೆ. ಪಟ್ಟಿಯಲ್ಲಿ ಇಲ್ಲದ್ದು ರಸ್ತೆ ಪಕ್ಕದಲ್ಲಿತ್ತು. ಕಬ್ಬಿನ ಗದ್ದೆಗಳ ನಡುನಡುವೆ ಕಪ್ಪು ಕಲ್ಲಿನ ದೊಡ್ಡ ದೊಡ್ಡ ಗುಡ್ಡೆಗಳು. ಕೆಲವು ಪಿರಮಿಡ್ಡಿನ ಥರ ಅಚ್ಚುಕಟ್ಟು. ಏನಿವು ಅಂತ ಟ್ಯಾಕ್ಸಿಯ ಹಿರಿಯರನ್ನು ಕೇಳಿದೆ. ಅವರ ಮನೆಮಾತು ಕ್ರಿಯೋಲ್, ನಮ್ಮ ಜೊತೆ ಹರುಕು ಹಿಂದಿ. "ನಮ್ಮ ಅಜ್ಜನ ಅಪ್ಪಂದಿರು ಆರಿಸಿ ಹಾಕಿದ್ದು ಬೇಟಾ. ಮಾರಿಷಸ್‌ನಲ್ಲಿ ಕಲ್ಲು ಎತ್ತಿದರೆ ಕೆಳಗೆ ಚಿನ್ನ ಸಿಗುತ್ತೆ ಅಂತ ಹೇಳಿ ಕರ್ಕೊಂಡು ಬಂದಿದ್ರಂತೆ. ಎತ್ತಿದ್ರು. ಕೆಳಗೆ ಇನ್ನೊಂದು ಕಲ್ಲಿತ್ತು," ಅಂತ ನಕ್ಕರು. ನಮಗೆ ನಗು ಬರಲಿಲ್ಲ.

ಅಲ್ಲಿಗೆ ಕಬ್ಬು ತಂದವರು ಡಚ್ಚರು, 1639ರಲ್ಲಿ. ಫ್ರೆಂಚರ ಕಾಲದಲ್ಲಿ ಆಫ್ರಿಕಾ, ಮಡಗಾಸ್ಕರ್‌ಗಳಿಂದ ಹಿಡಿದು ತಂದ ಗುಲಾಮರು ಈ ನೆಲ ಹಸನು ಮಾಡಿದರು. ಬ್ರಿಟಿಷರ ಕಾಲದಲ್ಲಿ, 1835ರಲ್ಲಿ, ಗುಲಾಮಗಿರಿ ರದ್ದಾಯ್ತು. ಆದರೆ ಅದಕ್ಕೂ ಕೆಲವು ತಿಂಗಳು ಮೊದಲೇ, 1834ರ ನವೆಂಬರ್ 2ರಂದು, 'ಅಟ್ಲಾಸ್' ಅನ್ನೋ ಹಡಗು ಕಲ್ಕತ್ತಾದಿಂದ 36 ಕೂಲಿಗಳನ್ನು ತಂದು ಇಳಿಸಿತ್ತು. ಅಲ್ಲಿಂದ ಮುಂದಕ್ಕೆ ಬಿಹಾರ, ಮದ್ರಾಸ್, ಬೊಂಬಾಯಿ ಕಡೆಗಳಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಂದರು. ನಮ್ಮ ಕಡೆ ಗಿರ್ಮಿಟ್ ಅಂದ್ರೆ ಚುರುಮುರಿಯ ತಿಂಡಿ. ಅವರ 'ಗಿರ್ಮಿಟ್' ಅಗ್ರಿಮೆಂಟ್ ಅನ್ನೋ ಮಾತು ಜನರ ಬಾಯಲ್ಲಿ ಮುರಿದು ಆದದ್ದು. ಮೊದಮೊದಲ ಒಪ್ಪಂದದಲ್ಲಿ ತಿಂಗಳಿಗೆ 5 ರೂಪಾಯಿ ಸಂಬಳ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕಟ್. ಸಂಬಳ ಸಹಿತ ರಜೆ ಹಾಕಿ ಬಂದವನು ನಾನು. ಇದನ್ನು ಓದಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ನಮ್ಮಲ್ಲೂ ಅದೇ ಲಾವಾ ಹರಿದಿತ್ತಲ್ಲ, ಮತ್ತೆ ನಮ್ಮ ಹೊಲದಲ್ಲಿ ಆ ಕಲ್ಲೆಲ್ಲ ಎಲ್ಲಿ ಹೋಯ್ತು? ಉತ್ತರ ಸರಳ. ನಮ್ಮ ಕಲ್ಲಿಗೆ ಮಣ್ಣಾಗೋಕೆ ಆರು ಕೋಟಿ ವರ್ಷ ಸಿಕ್ಕಿತು. ಬಿಸಿಲು, ಮಳೆ, ಹೊಳೆ ಸೇರಿ ಬಸಾಲ್ಟನ್ನು ಅರೆದು, ಹೊತ್ತು ತಂದು ಎರೆ ಮಣ್ಣು ಮಾಡಿದವು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡೋ ಈ ಮಣ್ಣು, ಒಮ್ಮೆ ಹಸಿ ಹಿಡಿದರೆ ಹಿಂಗಾರಿಯ ಬಿಳಿಜೋಳ, ಕಡಲೆಯನ್ನು ಮತ್ತೆ ಮಳೆ ಇಲ್ಲದಿದ್ದರೂ ದಡ ಮುಟ್ಟಿಸುತ್ತೆ. ಮಾರಿಷಸ್‌ನ ಬಯಲಿನ ಲಾವಾ ಇನ್ನೂ ಎಳೆಯದು, ಅದಕ್ಕೆ ಅಷ್ಟು ಸಮಯ ಸಿಕ್ಕಿಲ್ಲ. ನಮ್ಮಲ್ಲಿ ಕಾಲ ಮಾಡಿಕೊಟ್ಟ ಕೆಲಸವನ್ನು ಅಲ್ಲಿ ಬರಿಗೈಗಳು ಇನ್ನೂರು ಚಿಲ್ಲರೆ ವರ್ಷದಲ್ಲಿ ಮಾಡಿದವು.

ನಮ್ಮಪ್ಪ ಡೋಣಿ ಸಾಲಿನ ನಾಲ್ಕು ಎಕರೆಯನ್ನು ಈಗ ಲಾವಣಿಗೆ ಕೊಟ್ಟಿದ್ದಾರೆ. ಮಾರೋಣ ಅನ್ನೋ ಮಾತು ಮನೆಯಲ್ಲಿ ವರ್ಷಕ್ಕೊಮ್ಮೆ ಬರುತ್ತೆ. ಆ ಮಾತಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಆದರೆ ಆ ಮಣ್ಣು ಪುಕ್ಕಟೆ ಬಂದದ್ದು ಅಂತ ಇನ್ನು ಅನ್ನೋಕೆ ಆಗಲ್ಲ.

ಯಂತ್ರ ಬಂದಮೇಲೆ ಆ ಗುಡ್ಡೆಗಳಲ್ಲಿ ಎಷ್ಟೋ ಕರಗಿಹೋಗಿವೆ. ಕಬ್ಬಿನ ಗದ್ದೆಗಳೂ ಕಡಿಮೆಯಾಗಿ ವಿಲ್ಲಾ, ರಸ್ತೆ ಬರ್ತಿವೆ. ನಾವು ನೋಡಿದ ಗುಡ್ಡೆಗಳ ಮುಂದೆ ಒಂದು ಬೋರ್ಡೂ ಇರಲಿಲ್ಲ. ಪೋರ್ಟ್ ಲೂಯಿಯ ಬಂದರಿನಲ್ಲಿ ಕೂಲಿಗಳು ಇಳಿದ ಜಾಗ ಮಾತ್ರ ಉಳಿದಿದೆ. ಅಪ್ರವಾಸಿ ಘಾಟ್ ಅಂತ ಹೆಸರು, 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಹಡಗಿನಿಂದ ಬಂದವರು ಹತ್ತಿದ ಮೆಟ್ಟಿಲು ಇನ್ನೂ ಇವೆ. ಅವೂ ಕಪ್ಪು ಕಲ್ಲಿನವೇ.

ಮಾರಿಷಸ್‌ಗೆ ಹೋಗೋ ಪ್ಲಾನ್ ಇದ್ದರೆ ನನ್ನದೊಂದು ಸಲಹೆ. ಬೀಚಿಗೆ ಖಂಡಿತ ಹೋಗಿ, ಅದೂ ಚೆನ್ನಾಗಿದೆ. ಹವಳದ ದಿಬ್ಬದ ತಡೆ ಇಲ್ಲದೆ ಸಮುದ್ರ ನೇರ ಕಪ್ಪು ಬಂಡೆಗೆ ಬಡಿಯೋದನ್ನ ನೋಡೋಕೆ ದಕ್ಷಿಣದ ಗ್ರಿ ಗ್ರಿಗೂ ಹೋಗಿ. ಪೋರ್ಟ್ ಲೂಯಿ ಮಾರುಕಟ್ಟೆಯಲ್ಲಿ ಬಿಸಿ ದಾಲ್‌ಪುರಿ ತಿನ್ನಿ. ಸಿಹಿ ಇಲ್ಲದ ನಮ್ಮ ಬೇಳೆ ಹೋಳಿಗೆ ಅಂದುಕೊಳ್ಳಿ, ಅದೂ ಆ ಹಡಗಿನಲ್ಲೇ ಬಂದದ್ದು. ಹಾಗೇ ಒಂದು ಅರ್ಧ ದಿನ ಟ್ರೂ ಓ ಸೆರ್ಫ್‌ಗೂ ಅಪ್ರವಾಸಿ ಘಾಟ್‌ಗೂ ಇಟ್ಟುಕೊಳ್ಳಿ. ದಾರಿಯಲ್ಲಿ ಕಬ್ಬಿನ ಗದ್ದೆ ಪಕ್ಕ ಕಲ್ಲಿನ ಗುಡ್ಡೆ ಕಂಡರೆ ಗಾಡಿ ನಿಲ್ಲಿಸಿ, ಒಂದು ಕಲ್ಲು ಎತ್ತಿ ನೋಡಿ. ಬಸಾಲ್ಟ್ ಎಷ್ಟು ಭಾರ ಅಂತ ಕೈಗೇ ಗೊತ್ತಾಗುತ್ತೆ.