ಗಾಡಿ ಗರಗರ ಅಂದ್ರೆ ಹಾಡು ಜೋರು ಮಾಡಬೇಡಿ

ಇವತ್ತು ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಬರೀತಿದ್ದೀನಿ.

ನಮ್ಮ ಪಿಕಪ್ ಗಾಡಿ ಹದಿನೈದು ದಿನದಿಂದ ಬ್ರೇಕ್ ತುಳಿದ್ರೆ ಮುಂದಿನ ಬಲಗಡೆ ಚಕ್ರದಲ್ಲಿ ಕೀಚ್ ಅಂತಿತ್ತು. ತೋಟದ ಮಣ್ಣೋ ಕಲ್ಲೋ ಸಿಕ್ಕಿರಬೇಕು ಅಂದ್ಕೊಂಡೆ. ಮನೆಯವಳು "ರೀ, ಒಂದ್ಸಲ ತೋರಿಸ್ಬಾರ್ದಾ" ಅಂದ್ಲು. ಅಡಿಕೆ ಕೊಯ್ಲು ಮುಗೀಲಿ ಅಂದೆ. ಆಮೇಲೆ ಕೀಚ್ ಹೋಗಿ ಗರಗರ ಶುರುವಾಯ್ತು. ನಾನು ಹಾಡಿನ ಸೌಂಡ್ ಜಾಸ್ತಿ ಮಾಡ್ಕೊಂಡೆ.

ದೀಪಾವಳಿ ಆದ್ಮೇಲೆ ಗೊತ್ತಲ್ಲ, ನಮ್ಮ ಗೂಳೂರು ಗಣಪನ್ನ ನೋಡೋಕೆ ಜನವೋ ಜನ. ಮದ್ದೂರು ಮಾರ್ಕೆಟ್‌ಗೆ ಎಳನೀರು ತುಂಬ್ಕೊಂಡು ಕುಣಿಗಲ್ ರೋಡಿಗೆ ಹೊರಟಿದ್ದೆ. ಬಲೂನ್ ಹಿಡ್ಕೊಂಡ ಒಂದು ಮಗು ಅಮ್ಮನ ಕೈ ಬಿಡಿಸ್ಕೊಂಡು ಅಡ್ಡ ಓಡಿ ಬಂತು. ಬ್ರೇಕ್ ತುಳಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಗಾಡಿ ಎಡಕ್ಕೆ ಎಳೀತು, ನಿಲ್ಲಬೇಕಾದ ಜಾಗ ದಾಟಿ ನಿಂತ್ಕೊಳ್ತು. ಮಗುವಿಗೂ ಬಂಪರ್‌ಗೂ ಒಂದು ಮೊಳ. ಆ ತಾಯಿ ಬೈಯ್ಲಿಲ್ಲ. ಮಗೂನ ಎತ್ಕೊಂಡು ನನ್ನನ್ನೇ ನೋಡಿದ್ಲು. ಬೈದಿದ್ರೇ ಚೆನ್ನಾಗಿತ್ತು.

ಗಾಡಿ ಬದಿಗೆ ಹಾಕಿ, ಲೋಡು ಬೇರೆ ಗಾಡಿಗೆ ಹತ್ತಿಸಿ, ಮೆಕ್ಯಾನಿಕ್ ಕರೆಸಿದೆ. ಪ್ಯಾಡು ಪೂರ್ತಿ ಸವೆದು, ಅದರ ಕಬ್ಬಿಣದ ಪ್ಲೇಟು ಡಿಸ್ಕನ್ನೇ ಕೆರೀತಿತ್ತು. "ಕೀಚ್ ಅಂದಾಗ್ಲೇ ಬಂದಿದ್ರೆ ಪ್ಯಾಡಲ್ಲೇ ಮುಗೀತಿತ್ತಲ್ಲಣ್ಣ, ಈಗ ಡಿಸ್ಕೂ ಹೋಯ್ತು" ಅಂದ. ಎಷ್ಟೋ ಪ್ಯಾಡಿನಲ್ಲಿ ಸವೆದಾಗ ಕೂಗಲಿ ಅಂತಲೇ ಒಂದು ಸಣ್ಣ ತಗಡಿನ ಪಟ್ಟಿ ಇಟ್ಟಿರ್ತಾರಂತೆ.

ಅವನು ಹೇಳಿಕೊಟ್ಟಿದ್ದು ಇಷ್ಟು: ಸದ್ದು ಯಾವಾಗ ಬರುತ್ತೆ ನೋಡಿ.

ಬ್ರೇಕ್ ತುಳಿದಾಗ ಮಾತ್ರ ಬಂದ್ರೆ ಮುಂದಿನ ಪ್ಯಾಡು, ಇಲ್ಲಾ ಹಿಂದಿನ ಡ್ರಮ್ ಒಳಗಿನ ಲೈನರ್ ನೋಡಿಸಿ. ಮಳೇಲಿ ನೆನೆದ ಗಾಡಿ ಬೆಳಗ್ಗೆ ಗರ್ ಅಂದು, ನಾಲ್ಕೈದು ಸಲ ಬ್ರೇಕ್ ಹಿಡಿದ ಮೇಲೆ ನಿಂತು ಹೋದ್ರೆ ಅದು ಡಿಸ್ಕಿನ ತುಕ್ಕು, ಹೆದರ್ಬೇಡಿ.

ಬ್ರೇಕ್ ಬಿಟ್ರೂ ಗುಂಯ್ ಅಂತ ಸ್ಪೀಡಿನ ಜೊತೆ ಏರಿದ್ರೆ ವೀಲ್ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ತಿರುಗಿಸಿದಾಗ ಭಾರ ಎಡಕ್ಕೆ ಬೀಳುತ್ತೆ. ಆಗ ಸದ್ದು ಜಾಸ್ತಿ ಆದ್ರೆ ಹೆಚ್ಚಾಗಿ ಎಡಗಡೇದೇ ಹೋಗಿರುತ್ತೆ. ಜಾಕ್ ಹಾಕಿ, ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದ್ರೆ ಗಾಡಿ ಹೊರಗೆ ತೆಗೀಬೇಡಿ. ಜಾಕ್ ಒಂದನ್ನೇ ನಂಬಬೇಡಿ, ಉಳಿದ ಚಕ್ರಕ್ಕೆ ಕಲ್ಲು ಕೊಡಿ, ಗಾಡಿ ಕೆಳಗೆ ದಿಮ್ಮಿ ಇಡಿ.

ಒಂದೇ ಚಕ್ರ ಕಾದು ಸುಟ್ಟ ವಾಸನೆ ಬಂದ್ರೆ ಆ ಕಡೆ ಬ್ರೇಕು ಬಿಡ್ತಾ ಇಲ್ಲ ಅಂತ. ಬ್ರೇಕ್ ಆಯಿಲ್ ಇಳಿದಿದ್ರೆ ಬರೀ ತುಂಬಿಸಿ ಸುಮ್ನಾಗ್ಬೇಡಿ. ಪ್ಯಾಡು ಸವೆದ್ರೂ ಇಳಿಯುತ್ತೆ, ಲೀಕ್ ಇದ್ರೂ ಇಳಿಯುತ್ತೆ.

ನಮ್ಮಪ್ಪ ಎತ್ತಿನ ಗಾಡಿ ಕಿರ್ ಅಂದ್ರೆ ಕೀಲೆಣ್ಣೆ ಹಾಕದೆ ಹೂಡ್ತಿರ್ಲಿಲ್ಲ. ನನಗೆ ಆ ಬುದ್ಧಿ ಬರ್ಲಿಲ್ಲ. ಆದ್ರೆ ಅದೇ ಲೆಕ್ಕದಲ್ಲಿ ಬ್ರೇಕಿಗೆ ಎಣ್ಣೆ ಬಿಟ್ಟೀರಾ ಜೋಕೆ! ಸದ್ದೂ ಹೋಗುತ್ತೆ, ಬ್ರೇಕೂ ಹೋಗುತ್ತೆ.

ನಾಳೆ ಲೋಡ್ ಹಾಕೋ ಮುಂಚೆ ಹಾಡು ಆಫ್ ಮಾಡಿ, ಗ್ಲಾಸ್ ಇಳಿಸಿ, ಖಾಲಿ ಗಾಡೀಲಿ ನಿಧಾನಕ್ಕೆ ಒಂದು ಸುತ್ತು ಹೋಗಿ ಬನ್ನಿ.