ತೋಟದ ಹಾರುವ ಓತಿ

ಮುಂಬಯಿಯಲ್ಲಿ ಸ್ವಂತ ಮನೆ ಕೊಳ್ಳುವ ಆಸೆಯಿಂದ, ನಮ್ಮ ಪಾಲಿನ ಅಡಿಕೆ ತೋಟವನ್ನು ಮಾರಲೆಂದು ಈ ಬೇಸಗೆಯಲ್ಲಿ ನಾವು ಶಿರಸಿಯ ಬಳಿಯ ನಮ್ಮ ಹಳ್ಳಿಗೆ ಹೋಗಿದ್ದೆವು. ಮೋಜಣಿಯವರ ದಾರಿ ಕಾಯುತ್ತ ತೋಟದಲ್ಲಿ ನಿಂತಿದ್ದಾಗ ಮಗಳು, “ಅಪ್ಪಾ, ಮರದ ತೊಗಟೆ ಹಾರಿತು!” ಎಂದು ಕೂಗಿದಳು.

ನೋಡಿದರೆ ಹಾರುವ ಓತಿ! ಗೇಣುದ್ದದ ದೇಹ, ಮರದ್ದೇ ಬೂದು ಬಣ್ಣ. ಕೊರಳಿನ ಹಳದಿ ತೊಗಲನ್ನು ಬಿಚ್ಚಿ ಮಡಿಚುತ್ತಿತ್ತು, ಗಂಡೇ ಸರಿ. ಇದಕ್ಕೆ ಹಕ್ಕಿಯಂತೆ ರೆಕ್ಕೆಯಿಲ್ಲ. ನೀಳವಾದ ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಗಳಂತೆ ಅಗಲಿಸಿ, ಅವುಗಳ ನಡುವಣ ತೊಗಲಿನ ಬಲದಿಂದ ಮರದಿಂದ ಮರಕ್ಕೆ ತೇಲುತ್ತದೆ. ಆಹಾರ ಹೆಚ್ಚಾಗಿ ಇರುವೆ. ಪಶ್ಚಿಮ ಘಟ್ಟವೇ ಇದರ ತವರು. ತೇಜಸ್ವಿಯವರ ‘ಕರ್ವಾಲೋ’ (1980) ಕಾದಂಬರಿಯ ಮಂದಿ ಬೆನ್ನಟ್ಟಿ ಹೋದದ್ದೂ ಹಾರುವ ಓತಿಯನ್ನೇ.

“ಇದರ ಬಾಳೆಲ್ಲ ಮರದ ಮೇಲೆಯೇ. ಹೆಣ್ಣು ಮಾತ್ರ ನೆಲಕ್ಕಿಳಿದು, ಮೂತಿಯಿಂದ ಮಣ್ಣು ಕೆದಕಿ, ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ” ಎಂದರು ಅಣ್ಣ.

“ತೋಟ ಕೊಂಡವರು ಮರ ಕಡಿದು ನೆಲ ಅಗೆದರೆ?” ಎಂದಳು ಮಗಳು.

ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಮೋಜಣಿಯವರು ಬಂದಾಗ ಅಣ್ಣನ ಮುಖ ನೋಡಿ, “ಈ ವರ್ಷ ಬೇಡ” ಎಂದೆವು. ಮುಂಬಯಿಯ ನಮ್ಮ ಬಾಡಿಗೆಯ ಕೋಣೆ ಇನ್ನಷ್ಟು ಕಾಲ ಬಾಡಿಗೆಯದೇ ಆಗಿರಲಿ.